ಸ್ವೀಡನ್ನಿನಲ್ಲಿ ಓದಿನ ದಾರಿ ಹುಡುಕುವವರಿಗೆ ಮೊದಲ ಪಾಠ

ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಅರ್ಜಿ ಹಾಕಿದ ದಿನವನ್ನು ನೀವು ಒಮ್ಮೆ ನೆನಪಿಸಿಕೊಳ್ಳಿ. ಪಿಸಿಎಂಬಿಯೋ, ಪಿಸಿಎಂಸಿಯೋ, ಕಾಮರ್ಸೋ, ಆರ್ಟ್ಸೋ ಎಂದು ಮನೆಯವರು ಕೇಳಿದ್ದರು. ನೀವು ಒಂದಕ್ಕೆ ಗುರುತು ಹಾಕಿದಿರಿ. ಹದಿನಾರರ ವಯಸ್ಸಿನಲ್ಲಿ ಹಾಕಿದ ಆ ಗುರುತು ಮುಂದಿನ ಐದಾರು ವರ್ಷ ನೀವು ಏನನ್ನು ಓದಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿತು. ಆಮೇಲೆ ಉಳಿದದ್ದು ಒಂದೇ ಪ್ರಶ್ನೆ: ಯಾವ ಕಾಲೇಜು?

ಸ್ಟಾಕ್‌ಹೋಮಿನ ಕಿಸ್ತಾದಲ್ಲೋ ಗೋಥೆನ್‌ಬರ್ಗಿನಲ್ಲೋ ನೆಲೆಸಿರುವ ಕನ್ನಡ ಮನೆಗಳಲ್ಲಿ ಈಗ ಮಕ್ಕಳು ಆ ವಯಸ್ಸಿಗೆ ಬಂದಿದ್ದಾರೆ. ಅವರ ತಂದೆತಾಯಿಯರು ನನ್ನನ್ನು ಕೇಳುವುದೂ ಇದೇ ಪ್ರಶ್ನೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕಾಲೇಜಿನ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಮೊದಲು ಈ ದೇಶದಲ್ಲಿ ಓದನ್ನು ಹೇಗೆ ಅಳೆಯುತ್ತಾರೆ, ಹೇಗೆ ಜೋಡಿಸುತ್ತಾರೆ, ಸೀಟನ್ನು ಯಾವ ಲೆಕ್ಕದಲ್ಲಿ ಹಂಚುತ್ತಾರೆ ಎಂಬುದನ್ನು ತಿಳಿಯೋಣ. ನಿಮಗೆ ಇಲ್ಲಿಯ ವ್ಯವಸ್ಥೆಯ ಬಗ್ಗೆ ಏನೂ ಗೊತ್ತಿಲ್ಲವೆಂದೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅದಕ್ಕೆ ಸಂಕೋಚ ಬೇಡ. ಇಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮನೆಗಳಲ್ಲಿಯೂ ಇದು ಸ್ಪಷ್ಟವಾಗಿ ಗೊತ್ತಿರುವುದಿಲ್ಲ.

ಅಳತೆಗೋಲಿನಿಂದ ಆರಂಭಿಸೋಣ. ಇಲ್ಲಿಯ ವಿಶ್ವವಿದ್ಯಾಲಯಗಳು ಓದನ್ನು 'ಹೋಗ್‌ಸ್ಕೂಲೆಪೊಯೆಂಗ್' ಎಂಬ ಕ್ರೆಡಿಟ್‌ಗಳಲ್ಲಿ ಅಳೆಯುತ್ತವೆ. ಒಂದು ವಾರ ಪೂರ್ಣಾವಧಿ ಓದಿದರೆ 1.5 ಕ್ರೆಡಿಟ್. ಒಂದು ಸೆಮಿಸ್ಟರಿಗೆ 30, ಒಂದು ವರ್ಷಕ್ಕೆ 60. 2007ರಿಂದ ಇದು ಯುರೋಪಿನ ಉಳಿದ ದೇಶಗಳ ಕ್ರೆಡಿಟ್ ಲೆಕ್ಕಕ್ಕೆ ಸರಿಸಮವಾಗಿದೆ. ಮೂರು ವರ್ಷದ ಪದವಿಗೆ, ಅಂದರೆ 'ಕ್ಯಾಂಡಿಡಾಟ್' ಪದವಿಗೆ, 180 ಕ್ರೆಡಿಟ್ ಬೇಕು. ಅದರ ಮೇಲೆ ಎರಡು ವರ್ಷದ ಮಾಸ್ಟರ್ ಪದವಿಗೆ ಇನ್ನೂ 120.

ಈ ಲೆಕ್ಕದೊಳಗೆ ಒಂದು ಮುಖ್ಯವಾದ ಸಂಗತಿ ಇದೆ. 7.5 ಕ್ರೆಡಿಟ್‌ನ ಕೋರ್ಸು ಎಂದರೆ ಐದು ವಾರದ ಓದು. ಅನೇಕ ವಿಭಾಗಗಳಲ್ಲಿ ವಿದ್ಯಾರ್ಥಿ ಒಂದು ಸಲಕ್ಕೆ ಒಂದೇ ಕೋರ್ಸು ಓದುತ್ತಾನೆ. ಐದು ವಾರ ಅದೊಂದನ್ನೇ ಓದಿ, ಪರೀಕ್ಷೆ ಬರೆದು, ಮರುವಾರ ಮುಂದಿನದಕ್ಕೆ ಹೋಗುತ್ತಾನೆ. ಆರು ವಿಷಯಗಳನ್ನು ಒಟ್ಟಿಗೆ ಹೊತ್ತುಕೊಂಡು ಸೆಮಿಸ್ಟರ್ ಕೊನೆಯಲ್ಲಿ ಎಲ್ಲವನ್ನೂ ಒಂದೇ ವಾರದಲ್ಲಿ ಬರೆದ ನಮಗೆ ಇದು ಹೊಸದು. ಒಂದರಲ್ಲಿ ಮುಳುಗಿ ಓದುವ ಮಗುವಿಗೆ ಈ ಕ್ರಮ ಹೇಳಿಮಾಡಿಸಿದ್ದು. ಆದರೆ ಐದು ವಾರದ ಕೋರ್ಸಿನಲ್ಲಿ ಎರಡು ವಾರ ಜ್ವರ ಬಂದರೆ ಹೆಚ್ಚುಕಡಿಮೆ ಅರ್ಧ ಕೋರ್ಸೇ ಹೋದಂತೆ. ಮರುಪರೀಕ್ಷೆ ಉಂಟು. ಆದರೂ ವೇಗ ಕಡಿಮೆ ಎಂದುಕೊಳ್ಳಬೇಡಿ.

ಎರಡನೆಯ ಮೂಲಪಾಠ: ಇಲ್ಲಿ ಓದಿಗೆ ಎರಡು ಬಾಗಿಲುಗಳಿವೆ. ಒಂದು 'ಪ್ರೋಗ್ರಾಮ್'. ಮೂರು ಅಥವಾ ಐದು ವರ್ಷದ ಕೋರ್ಸುಗಳನ್ನು ವಿಶ್ವವಿದ್ಯಾಲಯವೇ ಸಾಲಾಗಿ ಜೋಡಿಸಿಟ್ಟಿರುತ್ತದೆ. ಒಮ್ಮೆ ಸೀಟು ಸಿಕ್ಕರೆ ಆ ಸಾಲಿನಲ್ಲಿ ನಡೆದುಕೊಂಡು ಹೋಗುತ್ತೀರಿ. ಇನ್ನೊಂದು 'ಫ್ರಿಸ್ಟೋಯೆಂದೆ ಕುರ್ಸ್'. ನಾವು ಇದನ್ನು ಬಿಡಿ ಕೋರ್ಸು ಎನ್ನೋಣ. ಯಾವ ಪ್ರೋಗ್ರಾಮಿಗೂ ಸೇರದೆ ಅರ್ಥಶಾಸ್ತ್ರದ ಒಂದು ಸೆಮಿಸ್ಟರ್, ಸಂಖ್ಯಾಶಾಸ್ತ್ರದ ಒಂದು ಸೆಮಿಸ್ಟರ್, ಜಪಾನಿ ಭಾಷೆಯ ಒಂದು ಕೋರ್ಸು ಎಂದು ನೀವೇ ಆರಿಸಿಕೊಳ್ಳಬಹುದು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಆಯ್ಕೆ. ಕೆಲವನ್ನು ಅರ್ಧ ವೇಗದಲ್ಲಿ, ಕೆಲವನ್ನು ಕಾಲು ವೇಗದಲ್ಲಿ, ಕೆಲವನ್ನು ದೂರಶಿಕ್ಷಣದಲ್ಲಿ ಓದಬಹುದು. ಹೀಗೆ ಕೂಡಿಸಿದ ಕ್ರೆಡಿಟ್‌ಗಳಿಂದಲೂ ಪದವಿ ಪಡೆಯಬಹುದು. ನಮ್ಮ ಕಡೆಯವರು ಈ ಮಾತನ್ನು ಮೊದಲ ಸಲ ಕೇಳಿದಾಗ ನಂಬುವುದಿಲ್ಲ. ಷರತ್ತು ಇಷ್ಟು: 180ರಲ್ಲಿ ಕನಿಷ್ಠ 90 ಕ್ರೆಡಿಟ್ ಒಂದೇ ಮುಖ್ಯ ವಿಷಯದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಹೋಗುವಂತೆ ಇರಬೇಕು; ಆ ತೊಂಬತ್ತರೊಳಗೆ ಕನಿಷ್ಠ 15 ಕ್ರೆಡಿಟ್‌ನ ಒಂದು ಸ್ವತಂತ್ರ ಪ್ರಬಂಧವಿರಬೇಕು. ಉಳಿದರ್ಧವನ್ನು ಹೇಗೆ ತುಂಬಬೇಕು ಎಂಬುದಕ್ಕೆ ಆಯಾ ವಿಶ್ವವಿದ್ಯಾಲಯದ ಪದವಿ ನಿಯಮ ನೋಡಿಕೊಳ್ಳಬೇಕು.

ಈ ಸ್ವಾತಂತ್ರ್ಯ ಇಲ್ಲಿಯೂ ಮೊದಲಿನಿಂದ ಹೀಗೇ ಇರಲಿಲ್ಲ. 1977ರ ಸುಧಾರಣೆಯಲ್ಲಿ ಸರ್ಕಾರ ಪದವಿ ಶಿಕ್ಷಣವನ್ನು 'ಲಿನ್ಯೆ', ಅಂದರೆ ನಿಗದಿಯಾದ ಸಾಲುಗಳಾಗಿ ಕಟ್ಟಿಹಾಕಿತ್ತು. 1993ರ ಸುಧಾರಣೆ ಆ ಕಟ್ಟನ್ನು ಸಡಿಲಿಸಿ, ಏನು ಕಲಿಸಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ನಮ್ಮ ಕರ್ನಾಟಕದ ಅನುಭವ ನಿಮಗೆ ನೆನಪಿರಬಹುದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್, ಮುಕ್ತ ಐಚ್ಛಿಕ ವಿಷಯಗಳು ಬಂದವು; 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವೆ ಸೇರಿದ ಮಕ್ಕಳು ಎರಡೂ ನಿಯಮಗಳ ಮಧ್ಯೆ ತೊಳಲಾಡಿದರು. ಅದನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ. ಹೊಂದಿಕೊಳ್ಳುವ ಪಠ್ಯಕ್ರಮಕ್ಕೆ ಬೇರು ಬಿಡಲು ವರ್ಷಗಳು ಬೇಕು. ಸ್ವೀಡನ್ನಿಗೆ ಆ ವರ್ಷಗಳು ಸಿಕ್ಕಿವೆ.

ಹಾಗೆಂದು ಎಲ್ಲ ಪದವಿಗಳೂ ಸಮಾನವಾಗಿ ಬಾಗುವುದಿಲ್ಲ. ವೈದ್ಯ, ದಾದಿ, ಶಿಕ್ಷಕ, ಎಂಜಿನಿಯರ್ ಇಂತಹ ವೃತ್ತಿಪದವಿಗಳಲ್ಲಿ ಏನೇನು ಕಲಿತಿರಬೇಕು ಎಂಬುದನ್ನು ಸರ್ಕಾರದ ನಿಯಮಾವಳಿಯೇ ಗೊತ್ತುಮಾಡಿರುತ್ತದೆ. ಅಲ್ಲಿ ಆಯ್ಕೆಯ ಜಾಗ ಕಡಿಮೆ, ಸಿಕ್ಕರೂ ಕೊನೆಯ ವರ್ಷಗಳಲ್ಲಿ. ಗಣಿತ, ಇತಿಹಾಸ, ಅರ್ಥಶಾಸ್ತ್ರದಂತಹ ಸಾಮಾನ್ಯ ಪದವಿಗಳಲ್ಲಿ ಜಾಗ ಹೆಚ್ಚು. ಇನ್ನೊಂದು ಎಚ್ಚರಿಕೆಯ ಮಾತು: ಇಲ್ಲಿ 'ಸಿವಿಲ್‌ಇನ್‌ಶೆನ್ಯೋರ್' ಎಂಬ ಪದ ಕಂಡರೆ ಅದು ನಮ್ಮ ಸಿವಿಲ್ ಎಂಜಿನಿಯರ್ ಅಲ್ಲ. ಯಾವ ಶಾಖೆಯದ್ದೇ ಆಗಲಿ, ಐದು ವರ್ಷದ, 300 ಕ್ರೆಡಿಟ್‌ನ ಎಂಜಿನಿಯರಿಂಗ್ ಪದವಿಗೆ ಆ ಹೆಸರು. ಕಂಪ್ಯೂಟರ್ ಓದಬೇಕೆಂದಿದ್ದ ಮಗುವಿನ ಅಪ್ಪ ಈ ಹೆಸರು ನೋಡಿ ಪುಟ ಮುಚ್ಚಿದ್ದನ್ನು ನಾನು ಕಂಡಿದ್ದೇನೆ.

ಹಾಗಾದರೆ ಒಂದು ಪ್ರೋಗ್ರಾಮ್ ಎಷ್ಟು ಬಾಗುತ್ತದೆ ಎಂದು ತಿಳಿಯುವುದು ಹೇಗೆ? ಜಾಹೀರಾತಿನ ಪುಟವನ್ನು ನೋಡಬೇಡಿ. ಪ್ರತಿ ಪ್ರೋಗ್ರಾಮಿಗೂ 'ಊಟ್‌ಬಿಲ್ಡ್‌ನಿಂಗ್ಸ್‌ಪ್ಲಾನ್' ಎಂಬ ದಾಖಲೆ ಇರುತ್ತದೆ. ಅದು ಪ್ರೋಗ್ರಾಮಿನ ಅಧಿಕೃತ ಯೋಜನೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಅದನ್ನು ತೆರೆದು ಮೂರು ಪದಗಳನ್ನು ಹುಡುಕಿ. 'ಒಬ್ಲಿಗಟೋರಿಸ್ಕ್' ಎಂದರೆ ಕಡ್ಡಾಯ. 'ವಾಲ್‌ಬಾರ್' ಎಂದರೆ ವಿಭಾಗ ಕೊಟ್ಟ ಪಟ್ಟಿಯೊಳಗಿಂದ ಆರಿಸಿಕೊಳ್ಳುವಂಥದ್ದು. 'ವಾಲ್‌ಫ್ರೀ' ಎಂದರೆ ನಿಮ್ಮ ಇಷ್ಟ. ಕೇಳಲು ಕೊನೆಯ ಎರಡೂ ಒಂದೇ ಎನ್ನಿಸುತ್ತವೆ, ಆದರೆ ಅಂತರ ದೊಡ್ಡದು. ಊಟಕ್ಕೆ ಕುಳಿತವರಿಗೆ ಎರಡು ಪಲ್ಯದಲ್ಲಿ ಯಾವುದು ಬೇಕು ಎಂದು ಕೇಳುವುದು ವಾಲ್‌ಬಾರ್. ಅಡುಗೆಮನೆಗೇ ಬಂದು ಬೇಕಾದ್ದು ಮಾಡಿಕೊಳ್ಳಿ ಎನ್ನುವುದು ವಾಲ್‌ಫ್ರೀ. ಕೆಲವು ವಿಶ್ವವಿದ್ಯಾಲಯಗಳಲ್ಲಿ 'ಷರತ್ತಿನ ಮೇಲೆ ಐಚ್ಛಿಕ' ಎಂಬ ನಾಲ್ಕನೆಯ ಬಗೆಯೂ ಉಂಟು. ಪೆನ್ಸಿಲ್ ಹಿಡಿದು ಪ್ರತಿ ಬಗೆಗೆ ಎಷ್ಟು ಕ್ರೆಡಿಟ್ ಎಂದು ಕೂಡಿಸಿ. 180ರಲ್ಲಿ 30 ಮುಕ್ತವಾಗಿದ್ದರೆ ಒಂದು ಇಡೀ ಸೆಮಿಸ್ಟರ್ ನಿಮ್ಮ ಕೈಯಲ್ಲಿದೆ ಎಂದರ್ಥ. ಹೊರದೇಶದ ವಿನಿಮಯ ಓದಿಗೂ ಅದೇ ಜಾಗ. ಈ ಒಂದು ಗಂಟೆಯ ಕೆಲಸ ಹತ್ತು ಜನರ ಅಭಿಪ್ರಾಯ ಕೇಳುವುದಕ್ಕಿಂತ ಮೇಲು.

ಯಾವ ಶಾಖೆ ಎಂದು ಇನ್ನೂ ಗೊತ್ತಾಗದ ಮಗುವಿಗೆ ಎರಡು ಉದಾಹರಣೆ ಹೇಳುತ್ತೇನೆ. ಸ್ಟಾಕ್‌ಹೋಮಿನ ಕೆಟಿಎಚ್, ಅಂದರೆ 1827ರಲ್ಲಿ ಹುಟ್ಟಿದ ರಾಯಲ್ ತಾಂತ್ರಿಕ ವಿದ್ಯಾಲಯದಲ್ಲಿ, 'ಓಪ್ಪೆನ್ ಇನ್‌ಗೋಂಗ್' ಎಂಬ ಮುಕ್ತ ಪ್ರವೇಶದ ಎಂಜಿನಿಯರಿಂಗ್ ಇದೆ. ಮೊದಲ ವರ್ಷ ಗಣಿತ ಮತ್ತು ಮೂಲ ವಿಷಯಗಳನ್ನು ಓದಿ, ಎರಡನೆಯ ವರ್ಷದಿಂದ ಶಾಖೆ ಆರಿಸಿಕೊಳ್ಳಬಹುದು. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 180 ಕ್ರೆಡಿಟ್‌ನ ಲಿಬರಲ್ ಆರ್ಟ್ಸ್ ಪ್ರೋಗ್ರಾಮ್ ಇದೆ. ತತ್ತ್ವಶಾಸ್ತ್ರ, ಇತಿಹಾಸ, ವಿಜ್ಞಾನದ ಚಿಂತನೆಗಳನ್ನು ಸೇರಿಸಿ ಓದಿ, ನಡುವೆ ತನ್ನ ಮುಖ್ಯ ವಿಷಯ ಹುಡುಕಿಕೊಳ್ಳುವವರಿಗೆ ಅದು. 'ಇದನ್ನು ಓದಿ ಏನಾಗುತ್ತಾನೆ?' ಎಂದು ಕೇಳುವ ಮನೆಗಳಿಗೆ ನನ್ನ ಉತ್ತರ: ಹತ್ತೊಂಬತ್ತಕ್ಕೆ ತೀರ್ಮಾನಿಸಲಾಗದ ಮಗುವನ್ನು ಬಲವಂತವಾಗಿ ಒಂದು ಶಾಖೆಗೆ ನೂಕಿದರೆ ಏನಾಗುತ್ತಾನೆ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಿಕೊಳ್ಳಿ.

ಈಗ ಪ್ರವೇಶದ ಸಾಧ್ಯತೆಗೆ ಬರೋಣ. ಇಲ್ಲಿ ಎರಡು ಹಂತಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಮೊದಲನೆಯದು 'ಬೆಹೋರಿಗ್‌ಹೇತ್', ಅರ್ಹತೆ. ಎರಡನೆಯದು 'ಊರ್ವಾಲ್', ಆಯ್ಕೆ. ಅರ್ಹತೆ ಎಂದರೆ ಹೊಸ್ತಿಲು. ದಾಟಿದ್ದೀರೋ ಇಲ್ಲವೋ ಅಷ್ಟೇ. ಎಂಜಿನಿಯರಿಂಗ್‌ಗೆ ಸಾಮಾನ್ಯವಾಗಿ ಗಣಿತ 4, ಭೌತಶಾಸ್ತ್ರ 2, ರಸಾಯನಶಾಸ್ತ್ರ 1 ಎಂಬ ಕೋರ್ಸುಗಳು ಪಾಸಾಗಿರಬೇಕು. ಸ್ವೀಡಿಶ್ ಮಾಧ್ಯಮದ ಓದಿಗೆ ಸ್ವೀಡಿಶ್ 3, ಇಲ್ಲವೇ ಎರಡನೆಯ ಭಾಷೆಯಾಗಿ ಓದುವ ಸ್ವೀಡಿಶ್ 3 ಬೇಕು. ನಮ್ಮವರಲ್ಲಿ ಅನೇಕರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಐಬಿ ಶಾಲೆಗೆ ಹಾಕುತ್ತಾರೆ. ಐಬಿ ಅಂಕಗಳನ್ನು ಸ್ವೀಡಿಶ್ ಅಳತೆಗೆ ಪರಿವರ್ತಿಸುತ್ತಾರೆ, ಅದು ಸರಿ. ಆದರೆ ಭಾಷೆಯ ಹೊಸ್ತಿಲು ಅಲ್ಲಿಯೇ ಇರುತ್ತದೆ. ಮೊದಲ ಪದವಿಯ ಹಂತದಲ್ಲಿ ಇಂಗ್ಲಿಷಿನ ಪ್ರೋಗ್ರಾಮುಗಳು ಕಡಿಮೆ. ಮಗು ಹದಿನೈದರಲ್ಲಿರುವಾಗಲೇ ಇದನ್ನು ಯೋಚಿಸಿ.

ಹೊಸ್ತಿಲು ದಾಟಿದವರು ಸೀಟಿಗಿಂತ ಹೆಚ್ಚಾದಾಗ ಮಾತ್ರ ಆಯ್ಕೆ ನಡೆಯುತ್ತದೆ. ಕನಿಷ್ಠ ಮೂರನೆಯ ಒಂದು ಭಾಗ ಸೀಟು ಶಾಲೆಯ ಅಂಕಗಳ ಮೇಲೆ, ಕನಿಷ್ಠ ಮೂರನೆಯ ಒಂದು ಭಾಗ 'ಹೋಗ್‌ಸ್ಕೂಲೆಪ್ರೂವೆಟ್' ಎಂಬ ರಾಷ್ಟ್ರೀಯ ಪರೀಕ್ಷೆಯ ಮೇಲೆ, ಉಳಿದದ್ದು ಹೆಚ್ಚೆಂದರೆ ಮೂರನೆಯ ಒಂದು ಭಾಗ ವಿಶ್ವವಿದ್ಯಾಲಯದ ಸ್ವಂತ ಕ್ರಮದ ಮೇಲೆ. ಕೆಟಿಎಚ್ ಮತ್ತು ಗೋಥೆನ್‌ಬರ್ಗಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಚಾಲ್ಮೆರ್ಸ್ ಬಳಸುವ ಗಣಿತ–ಭೌತಶಾಸ್ತ್ರ ಪರೀಕ್ಷೆ ಈ ಮೂರನೆಯ ಬಗೆಯದು. ಅಂಕವೂ ಇದೆ, ಪರೀಕ್ಷೆಯೂ ಬರೆದಿದ್ದಾರೆ ಎಂದರೆ ಮಗು ಎರಡೂ ಸಾಲಿನಲ್ಲಿ ಏಕಕಾಲಕ್ಕೆ ನಿಂತಿರುತ್ತದೆ. ನಮ್ಮ ಸಿಇಟಿಯಲ್ಲಿ ಪಿಯುಸಿ ಅಂಕ ಮತ್ತು ಸಿಇಟಿ ಅಂಕವನ್ನು ಕೂಡಿಸಿ ಒಂದು ರ‍್ಯಾಂಕ್ ಮಾಡುತ್ತಾರೆ. ಇಲ್ಲಿ ಕೂಡಿಸುವುದಿಲ್ಲ, ಎರಡು ಸಾಲು ಬೇರೆ ಬೇರೆ. ಒಂದರಲ್ಲಿ ಹಿಂದುಳಿದವರಿಗೆ ಇನ್ನೊಂದು ನಿಜವಾದ ಅವಕಾಶ.

ಅಂಕದ ಲೆಕ್ಕ ಹೀಗಿದೆ. ಮೂರು ವರ್ಷದ 'ಯಿಮ್ನಾಸಿಯೆಟ್', ಅಂದರೆ ನಮ್ಮ ಪಿಯುಸಿಯ ಜಾಗದ ಶಾಲೆ, ಎ ಶ್ರೇಣಿಗೆ 20, ಬಿಗೆ 17.5, ಸಿಗೆ 15, ಡಿಗೆ 12.5, ಇಗೆ 10, ಅನುತ್ತೀರ್ಣವಾದ ಎಫ್‌ಗೆ 0 ಎಂದು ಎಣಿಸುತ್ತದೆ. ಪ್ರತಿ ಕೋರ್ಸಿನ ಗಾತ್ರಕ್ಕೆ ತಕ್ಕ ತೂಕ. 100 ಪಾಯಿಂಟಿನ ಒಂದು ಕೋರ್ಸಿನಲ್ಲಿ ಎ, 100ರ ಇನ್ನೊಂದರಲ್ಲಿ ಸಿ, 50ರ ಒಂದರಲ್ಲಿ ಬಿ ಬಂದಿದ್ದರೆ 2000, 1500, 875 ಕೂಡಿ 4375. ಅದನ್ನು 250ರಿಂದ ಭಾಗಿಸಿದರೆ ಸರಾಸರಿ 17.5. ಇದಕ್ಕೆ 'ಮೆರಿಟ್‌ಪೊಯೆಂಗ್' ಸೇರುತ್ತದೆ: ವಿದೇಶಿ ಭಾಷೆ, ಇಂಗ್ಲಿಷ್, ಗಣಿತಗಳನ್ನು ಮುಂದಿನ ಮಟ್ಟದವರೆಗೆ ಓದಿದವರಿಗೆ ಕೊಡುವ ಹೆಚ್ಚುವರಿ ಅಂಕ, ಗರಿಷ್ಠ 2.5. ಮೇಲಿನ ಮಗುವಿಗೆ 1.5 ಸಿಕ್ಕಿತೆನ್ನಿ, ಒಟ್ಟು 19.0. ಈ ಮೊತ್ತವೇ 'ಮೆರಿಟ್‌ವಾರ್ದೆ'. ಗರಿಷ್ಠ 22.5. 2025ರ ಶರತ್ಕಾಲದಿಂದ ಯಿಮ್ನಾಸಿಯೆಟ್ ಸೇರಿದವರಿಗೆ ಕೋರ್ಸಿಗೊಂದು ಶ್ರೇಣಿ ಹೋಗಿ ವಿಷಯಕ್ಕೊಂದು ಶ್ರೇಣಿ ಬಂದಿದೆ. ಆದ್ದರಿಂದ ನಿಮ್ಮ ಮಗುವಿನ ತಂಡಕ್ಕೆ ಯಾವ ನಿಯಮ ಎಂದು ಶಾಲೆಯ ಮಾರ್ಗದರ್ಶಕರನ್ನು ಕೇಳಿ. 'ಎಸ್‌ವೈವಿ' ಎಂದು ಕರೆಯುವ ಈ ಮಾರ್ಗದರ್ಶಕರು ಇರುವುದೇ ಇದಕ್ಕಾಗಿ. ಅವರ ಬಳಿ ಹೋಗುವುದನ್ನು ಕಷ್ಟ ಹೇಳಿಕೊಳ್ಳುವುದೆಂದು ನಮ್ಮವರು ತಿಳಿಯುತ್ತಾರೆ, ಹಾಗಲ್ಲ.

ಹೋಗ್‌ಸ್ಕೂಲೆಪ್ರೂವೆಟ್‌ಗೆ ಚಂದದ ಇತಿಹಾಸವಿದೆ. ಅದು 1977ರಲ್ಲಿ ಆರಂಭವಾದದ್ದು ಶಾಲೆಯ ಅಂಕವಿಲ್ಲದ, 25 ವರ್ಷ ದಾಟಿ ನಾಲ್ಕು ವರ್ಷ ದುಡಿದಿದ್ದ ಜನರಿಗಾಗಿ. ಕಾರ್ಖಾನೆಯಲ್ಲಿ ದುಡಿದವರೂ ವಿಶ್ವವಿದ್ಯಾಲಯಕ್ಕೆ ಬರಲಿ ಎಂಬುದು ಉದ್ದೇಶ. 1991ರಿಂದ ಎಲ್ಲರಿಗೂ ತೆರೆಯಿತು. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಪದ, ಓದು, ಇಂಗ್ಲಿಷ್, ಗಣಿತ, ನಕ್ಷೆಗಳ ಪ್ರಶ್ನೆಗಳು, ಅಂಕ 2.0ರವರೆಗೆ. ಫಲಿತಾಂಶ ಎಂಟು ವರ್ಷ ಚಾಲ್ತಿಯಲ್ಲಿರುತ್ತದೆ, ಅದರಲ್ಲಿ ಅತ್ಯುತ್ತಮವಾದದ್ದನ್ನೇ ಎಣಿಸುತ್ತಾರೆ. ಅಂದರೆ ಬರೆದು ಕೆಟ್ಟವರಿಲ್ಲ. ಆದರೆ ಇಂಗ್ಲಿಷ್ ಭಾಗ ಬಿಟ್ಟರೆ ಪರೀಕ್ಷೆ ಸ್ವೀಡಿಶ್‌ನಲ್ಲಿದೆ. ಗಣಿತದಲ್ಲಿ ಗಟ್ಟಿಯಾಗಿರುವ ನಮ್ಮ ಮಕ್ಕಳು ಪದಗಳ ಭಾಗದಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಸ್ವೀಡಿಶ್ ಪತ್ರಿಕೆ, ಕಾದಂಬರಿಗಳನ್ನು ಓದುವ ಅಭ್ಯಾಸವೇ ಇದಕ್ಕೆ ಮದ್ದು.

ಸೀಟು ಸಿಕ್ಕೀತೇ ಎಂದು ಅಂದಾಜು ಮಾಡುವುದು ಹೀಗೆ. ದೇಶದ ಪ್ರವೇಶವನ್ನೆಲ್ಲ ನೋಡಿಕೊಳ್ಳುವ ಯುಎಚ್‌ಆರ್ ಎಂಬ ಸರ್ಕಾರಿ ಸಂಸ್ಥೆ ಹಿಂದಿನ ವರ್ಷಗಳ ಅಂಕಿಅಂಶ ಪ್ರಕಟಿಸುತ್ತದೆ. ಪ್ರತಿ ಪ್ರೋಗ್ರಾಮಿನ ಮುಂದೆ 'ಬಿಐ' ಎಂಬ ಅಂಕಣ ಶಾಲೆಯಿಂದ ನೇರ ಬಂದ ಅಂಕದ ಗುಂಪು. 'ಬಿಐಐ' ನಂತರ ಕೆಲವು ಕೋರ್ಸು ಓದಿ ಅಂಕ ಸರಿಪಡಿಸಿಕೊಂಡವರ ಗುಂಪು. 'ಎಚ್‌ಪಿ' ಪರೀಕ್ಷೆಯ ಗುಂಪು. ಅಲ್ಲಿರುವ ಸಂಖ್ಯೆ ಆ ಗುಂಪಿನಲ್ಲಿ ಕೊನೆಯದಾಗಿ ಸೀಟು ಪಡೆದವರ ಅಂಕ. ದಯವಿಟ್ಟು ಇದನ್ನು ಮನಸ್ಸಿನಲ್ಲಿಡಿ: ಅದು ಯಾರೋ ಮೊದಲೇ ಎಳೆದಿಟ್ಟ ಗೆರೆಯಲ್ಲ, ಆ ವರ್ಷ ಯಾರು ಅರ್ಜಿ ಹಾಕಿದರು ಎಂಬುದರ ಗುರುತು. ಅದಕ್ಕೇ ಒಂದೇ ವರ್ಷ ನೋಡಬೇಡಿ, ಐದು ವರ್ಷ ನೋಡಿ. ಕಲ್ಪಿತ ಉದಾಹರಣೆಗೆ, ಒಂದು ಪ್ರೋಗ್ರಾಮಿನ ಬಿಐ ಐದು ವರ್ಷ 18.1, 18.6, 19.2, 18.8, 18.4 ಎಂದಿದ್ದರೆ, 19.0 ಇರುವ ನಮ್ಮ ಮಗುವಿಗೆ ಐದರಲ್ಲಿ ನಾಲ್ಕು ವರ್ಷ ಸೀಟು ಸಿಗುತ್ತಿತ್ತು. ಭರವಸೆ ಇಡಬಹುದು, ಖಚಿತವೆನ್ನಲಾಗದು. ಇನ್ನೊಂದರಲ್ಲಿ 20.3ಕ್ಕಿಂತ ಕೆಳಗೆ ಎಂದೂ ಇಳಿದಿಲ್ಲವೆಂದರೆ ಅಂಕದ ಸಾಲು ಬಿಡಿ, ಎಚ್‌ಪಿ ಅಂಕಣ ನೋಡಿ. ಬಹು ಬೇಡಿಕೆಯ ವೈದ್ಯಕೀಯದಂಥಲ್ಲಿ ಅಂಕ ಗರಿಷ್ಠಕ್ಕೆ ತೀರ ಹತ್ತಿರ ನಿಲ್ಲುತ್ತದೆ, ಸಮಾನ ಅಂಕದವರ ನಡುವೆ ಲಾಟರಿ ಎತ್ತುವುದೂ ಉಂಟು. ಅಲ್ಲಿ ಸೀಟು ಸಿಗದಿದ್ದರೆ ಮಗುವನ್ನು ಬೈಯಬೇಡಿ.

ಕಡಿಮೆ ಅಂಕಕ್ಕೆ ಸಿಗುವ ಓದು ಕಳಪೆ ಎಂಬ ಲೆಕ್ಕವೂ ತಪ್ಪು. 1477ರಲ್ಲಿ ಹುಟ್ಟಿದ ಉಪ್ಸಾಲಾ, 1666ರ ಲುಂಡ್ ವಿಶ್ವವಿದ್ಯಾಲಯಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಉತ್ತರದ ಉಮೆಯೋ, ಲೂಲೆಯೋಗಳಿಗೆ ಚಳಿಗೆ ಹೆದರಿ ಹೋಗುವುದಿಲ್ಲ. ಪದವಿಯ ಕಾನೂನು ದೇಶಕ್ಕೆಲ್ಲ ಒಂದೇ, ಗುಣಮಟ್ಟ ಪರಿಶೀಲಿಸುವ ಸಂಸ್ಥೆಯೂ ಒಂದೇ.

ಅರ್ಜಿಯಲ್ಲಿ ಆಯ್ಕೆಗಳನ್ನು ಸಾಲಾಗಿ ಬರೆಯುವಾಗ ನಮ್ಮ ಕೆಇಎ ಆಪ್ಷನ್ ಎಂಟ್ರಿ ನೆನಪಿಸಿಕೊಂಡರೆ ಸಾಕು. ಯಾವುದು ನಿಜವಾಗಿ ಬೇಕೋ ಅದೇ ಮೊದಲು. ಸಿಗುವುದು ಕಷ್ಟ ಎಂದು ಕೆಳಗೆ ಹಾಕುವುದರಿಂದ ಲಾಭವಿಲ್ಲ, ಮೇಲೆ ಹಾಕಿದರೆ ಅಂಕವೂ ಹೆಚ್ಚುವುದಿಲ್ಲ. ಮೇಲಿನದು ಸಿಕ್ಕರೆ ಕೆಳಗಿನವು ಅಳಿಸಿಹೋಗುತ್ತವೆ, ಮತ್ತೆ ಬಾರವು. ಮೂರನೆಯದು ಸಿಕ್ಕು ಮೊದಲೆರಡರಲ್ಲಿ ಮೀಸಲು ಪಟ್ಟಿಯಲ್ಲಿದ್ದರೆ, ಸೀಟು ಒಪ್ಪಿಕೊಂಡೇ ಮೇಲಿನದಕ್ಕೆ ಕಾಯಬಹುದು. ಕೆಇಎಯ 'ಚಾಯ್ಸ್ 2' ಇದ್ದಂತೆ. ಪಟ್ಟಿಯ ಕೊನೆಗೆ ಖಂಡಿತ ಸಿಗುವ ಒಂದೆರಡು ಬಿಡಿ ಕೋರ್ಸುಗಳನ್ನು ಹಾಕಿ. ಪ್ರೋಗ್ರಾಮ್ ತಪ್ಪಿದರೂ ವರ್ಷ ತಪ್ಪುವುದಿಲ್ಲ; ಆ ಕ್ರೆಡಿಟ್‌ಗಳನ್ನು ಮುಂದೆ ಪದವಿಗೆ ಸೇರಿಸಿಕೊಳ್ಳಲು ಕೇಳಬಹುದು.

ಹೊಸ್ತಿಲೇ ದಾಟದವರಿಗೂ ದಾರಿಗಳಿವೆ. ಗಣಿತ, ಭೌತಶಾಸ್ತ್ರ ಓದದೆ ಬಂದು ಎಂಜಿನಿಯರಿಂಗ್ ಬಯಸುವವರಿಗೆ 'ಬಾಸ್‌ಓರ್' ಎಂಬ ಒಂದು ವರ್ಷದ ತಳಪಾಯದ ಓದಿದೆ. ಬಿಟ್ಟುಹೋದ ಕೋರ್ಸುಗಳಿಗೆ ನಗರಸಭೆ ನಡೆಸುವ 'ಕೊಮ್‌ವುಕ್ಸ್' ಎಂಬ ವಯಸ್ಕರ ಶಿಕ್ಷಣ ಇದೆ. ಮೂವತ್ತೈದರ ತಾಯಿಯೂ ಅಲ್ಲಿ ಕುಳಿತು ರಸಾಯನಶಾಸ್ತ್ರ ಓದುತ್ತಾಳೆ.

ಕರ್ನಾಟಕದಿಂದಲೇ ಅರ್ಜಿ ಹಾಕುವವರಿಗೆ ಎರಡು ಮಾತು. ಹೆಚ್ಚಿನ ಅವಕಾಶ ಇರುವುದು ಇಂಗ್ಲಿಷಿನ ಮಾಸ್ಟರ್ ಪದವಿಗಳಲ್ಲಿ. ಅಕ್ಟೋಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಅರ್ಜಿ, ನಾಲ್ಕು ಪ್ರೋಗ್ರಾಮುಗಳನ್ನು ಸಾಲಾಗಿ ಬರೆಯಬಹುದು, ಅರ್ಜಿ ಶುಲ್ಕ 900 ಕ್ರೋನರ್. ಅಲ್ಲಿ ನಿಮ್ಮ ಪದವಿಯಲ್ಲಿ ಆ ವಿಷಯ ಎಷ್ಟು ಓದಿದ್ದೀರಿ ಎಂಬುದನ್ನೇ ಮೊದಲು ನೋಡುತ್ತಾರೆ. ಹಳೆಯ ಸಿಲಬಸ್ ಜೋಪಾನವಾಗಿಡಿ. 2011ರಿಂದ ಯುರೋಪಿನ ಹೊರಗಿನವರಿಗೆ ಬೋಧನಾ ಶುಲ್ಕವಿದೆ. ಆದರೆ ತಂದೆತಾಯಿಯ ಕೆಲಸದ ನಿಮಿತ್ತ ಇಲ್ಲಿ ವಾಸದ ಪರವಾನಗಿ ಪಡೆದ ಮಕ್ಕಳಿಗೆ, ಅಂದರೆ ಪರವಾನಗಿಯ ಕಾರಣ ಓದಲ್ಲದಿದ್ದರೆ, ಆ ಶುಲ್ಕವಿಲ್ಲ. 21 ತುಂಬಿದ ಮಕ್ಕಳನ್ನು ತಂದೆತಾಯಿಯ ಕೆಲಸದ ಪರವಾನಗಿಯ ಜೊತೆ ಹೊಸದಾಗಿ ಸೇರಿಸಲಾಗದು. ಆದ್ದರಿಂದ ಈ ವಯಸ್ಸಿನ ಲೆಕ್ಕವನ್ನು ಕಾಲೇಜಿನ ಲೆಕ್ಕದ ಜೊತೆಗೇ ಇಟ್ಟುಕೊಳ್ಳಿ.

ಇಲ್ಲಿ ಇರುವವರಿಗೆ ಶರತ್ಕಾಲದ ಓದಿನ ಅರ್ಜಿಗೆ ಕೊನೆಯ ದಿನ ಏಪ್ರಿಲ್ 15. ಮೊದಲ ಸುತ್ತಿನ ಫಲಿತಾಂಶ ಜುಲೈಯಲ್ಲಿ ಬರುತ್ತದೆ, ಸರಿಯಾಗಿ ನೀವು ರಜೆಗೆಂದು ಊರಿನಲ್ಲಿ ಇರುವ ಹೊತ್ತಿಗೆ. ಮದುವೆ ಮನೆಯಲ್ಲಿರಿ, ಮಲೆನಾಡಿನ ಮಳೆಯಲ್ಲಿರಿ, ಆ ವಾರ ಮಗುವಿನ ಜೊತೆ ಕುಳಿತು ಜಾಲತಾಣ ತೆರೆದು 'ಒಪ್ಪಿದೆ' ಎಂದು ಉತ್ತರ ಕೊಡಿಸಿ. ಹೇಳಿದ ದಿನದೊಳಗೆ ಉತ್ತರ ಬರದಿದ್ದರೆ ಆ ಸೀಟು ಮುಂದಿನವರಿಗೆ ಹೋಗುತ್ತದೆ.